ಹುಟ್ಟಿನ ಮಂತ್ರ, ಓದಿನ ಮಂತ್ರ

ಅಂಗಳದ ಬೋರ್ ಬತ್ತಿ ಹನ್ನೊಂದು ದಿನವಾಗಿತ್ತು. ಅದನ್ನು ನೋಡಲು ಯಾರೋ ಬರುತ್ತಾರೆ, ಬಂದರೆ ತೋರಿಸು ಬೇಟಿ ಎಂದು ಹೇಳಿ ಮನೆಯೊಡತಿ ಅನ್ವರಿ ಬೇಗಂ ಬೆಳಿಗ್ಗೆಯೇ ನೆಂಟರ ಮದುವೆಗೆ ಹೋಗಿದ್ದರು. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಧೂಳು ಹಿಡಿದ ಚೀಲ ಹೆಗಲಿಗೇರಿಸಿಕೊಂಡು ಬಾಗಿಲು ಬಡಿದ ತರುಣನನ್ನು ಕಂಡ ಕೂಡಲೇ ಶಿವಕಾಂತಾ ಒಂದು ಮಾತೂ ಕೇಳದೆ ನೇರ ಬೋರಿನ ಹತ್ತಿರ ಕರೆದುಕೊಂಡು ಹೋದಳು.

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಸುಮ್ಮನೆ ಮೊಣಕಾಲೂರಿ ಕೂತು, ಒಂದು ಹರಳು ಹುಡುಕಿ ಪೈಪಿನೊಳಗೆ ಬಿಟ್ಟು, ಕಿವಿ ಹಚ್ಚಿದ. ಎಣಿಸುವಾಗ ಅವನ ತುಟಿಗಳು ಸಣ್ಣಗೆ ಅಲುಗಿದವು. ಕಪ್ಪಗಿನ ಮುಖ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಕಣ್ಣಿನ ರೆಪ್ಪೆಗಳ ಮೇಲೂ ಕೆಂಪು ಧೂಳು. ಶಿವಕಾಂತಾ ಅದನ್ನೆಲ್ಲ ನೋಡಿದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ತಳಾ ಒಣಗ್ಯಾದ್ರಿ," ಎಂದ. "ಇನ್ನ ಕೊರೆಸಿದ್ರ ಬರೇ ಕಲ್ಲು ಸಿಗ್ತದ. ಸುಮ್ಮನ ಬ್ಯಾಡ."

"ಹಂಗಾದ್ರ ಏನ್ ಮಾಡ್ಬೇಕ್ರಿ?"

ಅವನು ಎದ್ದು ಮೊಣಕಾಲು ಝಾಡಿಸಿಕೊಂಡ. "ನನಗೂ ಗೊತ್ತಿಲ್ರಿ. ನಾ ಆಟ ಆಡ್ಲಿಕ್ಕ ಬಂದೀನಿ. ಶರಫೋದ್ದೀನ ಭಾಯಿ ಮ್ಯಾಲ ಅದಾರೇನ್ರಿ?"

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ನಗಲಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಅವನ ಬೆನ್ನು ನಗುತ್ತಿತ್ತು. ಹಿಂದೆ ಹತ್ತುತ್ತಿದ್ದ ಅವಳಿಗೆ ಅದು ಚೆನ್ನಾಗಿಯೇ ಕಂಡಿತು.

ಬೀದರಿನ ಹಳೆಯ ಊರಿನಲ್ಲಿ, ಗಾವಾನ್ ಚೌಕದ ಹಿಂದಿನ ಓಣಿಯ ಆ ಮನೆಯಲ್ಲಿ ಶಿವಕಾಂತಾ ನಾಲ್ಕು ವರ್ಷದಿಂದ ಬಾಡಿಗೆಗಿದ್ದಳು. ರಕ್ತ ಪರೀಕ್ಷೆಯ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್ ಕೆಲಸ. ಅನ್ವರಿ ಬೇಗಂ ಅವರ ತಂಗಿಯ ಮಗ ಶರಫೋದ್ದೀನ ಪುಣೆಯಲ್ಲಿ ಕಂಪ್ಯೂಟರ್ ಕಲಿಸಿಕೊಂಡಿದ್ದವನು. ಹೋದ ವರ್ಷ ಊರಿಗೆ ಮರಳುವಾಗ ಒಂದು ದಪ್ಪ ಪುಸ್ತಕ ಮತ್ತು ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳನ್ನು ತಂದಿದ್ದ. ಹಾಸಿ ಆಡುವ ಪಟವಿಲ್ಲದ ಆಟ ಅದು. ಒಬ್ಬ ಕಥೆ ಹೇಳುತ್ತಾನೆ; ಉಳಿದವರು ಕಥೆಯೊಳಗಿನ ಜನವಾಗುತ್ತಾರೆ; ಗೆದ್ದರೋ ಸತ್ತರೋ ಎಂಬುದನ್ನು ದಾಳ ಹೇಳುತ್ತದೆ. ಮಳೆ ಕೈಕೊಟ್ಟ ಆ ವರ್ಷ ಪ್ರತಿ ಭಾನುವಾರ ಮೇಲಿನ ಕೋಣೆಯಲ್ಲಿ ಶರಫೋದ್ದೀನ, ಮೆಡಿಕಲ್ ಅಂಗಡಿಯ ಗೌಸೋದ್ದೀನ ಮತ್ತು ಅವಳು ಕೂಡುತ್ತಿದ್ದರು. ನಾಲ್ಕನೆಯವನಾಗಿ ಈಗ ಇವನು ಬಂದಿದ್ದ. ಹೆಸರು ಮಚ್ಛೇಂದ್ರ, ಔರಾದ ಕಡೆಯ ಹಳ್ಳಿಯವನು. ಕಲಬುರಗಿಯಲ್ಲಿ ಭೂವಿಜ್ಞಾನ ಓದಿ, ಖಾಸಗಿ ಸರ್ವೇ ಕಂಪನಿಯೊಂದರಲ್ಲಿ ಗುತ್ತಿಗೆಯ ಮೇಲೆ ಊರೂರು ತಿರುಗುತ್ತಿದ್ದ. ನಾಲ್ಕು ಕಬ್ಬಿಣದ ಮೊಳೆ ನೆಲಕ್ಕೆ ಬಡಿದು, ವೈರ್ ಜೋಡಿಸಿ, ಪೆಟ್ಟಿಗೆಯಂಥ ಒಂದು ಯಂತ್ರದಿಂದ ನೆಲದೊಳಗೆ ನೀರಿದೆಯೇ ಎಂದು ಅಳೆಯುವುದು ಅವನ ಕೆಲಸ.

ಹೊಸಬ ಬಂದರೆ ಮೊದಲು ಅವನಿಗೊಂದು ಪಾತ್ರ ಮಾಡಬೇಕು. ಮಂತ್ರಗಾರನೇ ಬೇಕೆಂದ ಮಚ್ಛೇಂದ್ರ. ಆಗ ಶರಫೋದ್ದೀನ ಬೆರಳು ಮಡಚಿ ಮಂತ್ರಗಾರರ ಬಗೆಗಳನ್ನು ಹೇಳಿದ. ವಿಝಾರ್ಡ್ ಓದಿ ಕಲಿತವನು. ಅವನ ಮಂತ್ರಗಳೆಲ್ಲ ಪುಸ್ತಕದಲ್ಲಿ. ದಿನಾ ಬೆಳಿಗ್ಗೆ ಅವತ್ತಿಗೆ ಬೇಕಾದಷ್ಟನ್ನು ಓದಿ ಸಿದ್ಧಮಾಡಿಕೊಳ್ಳಬೇಕು. ಸಾರ್ಸರರ್‌ಗೆ ಮಂತ್ರ ಹುಟ್ಟಿನಿಂದಲೇ ರಕ್ತದಲ್ಲಿ ಬಂದಿರುತ್ತದೆ. ಬರುವುದು ನಾಲ್ಕೇ ಮಂತ್ರವಾದರೂ ಅವನ್ನು ಬೇಕಾದ ಹಾಗೆ ಬಗ್ಗಿಸಬಲ್ಲ. ವಾರ್ಲಾಕ್ ಯಾವುದೋ ಕತ್ತಲಿನ ಶಕ್ತಿಗೆ ಮಾತು ಕೊಟ್ಟು ಮಂತ್ರ ಪಡೆದವನು. ಅವನಿಗಿರುವ ಬಲ ಎರಡು ಸಲಕ್ಕಷ್ಟೇ, ಆದರೆ ಒಂದು ಗಳಿಗೆ ಕೂತೆದ್ದರೆ ಮತ್ತೆ ತುಂಬಿಕೊಳ್ಳುತ್ತದೆ. ಕ್ಲೆರಿಕ್ ದೇವರ ಮನುಷ್ಯ, ಗಾಯ ಮಾಯಿಸುವವನು. ಗೌಸೋದ್ದೀನ ವಾರ್ಲಾಕ್, ಶಿವಕಾಂತಾ ಸಾರ್ಸರರ್. ಕ್ಲೆರಿಕ್ ಆಗಲು ಯಾರೂ ಒಪ್ಪಿರಲಿಲ್ಲ.

ಮಚ್ಛೇಂದ್ರ ಒಂದು ಕ್ಷಣವೂ ಯೋಚಿಸದೆ ವಿಝಾರ್ಡ್ ಎಂದ. ಸಾರ್ಸರರ್ ಆಗುವವರು ಯಾಕೆ ಆಗುತ್ತಾರೋ ತನಗೆ ತಿಳಿಯದು ಎಂದೂ ಸೇರಿಸಿದ. ಎದುರಿಗೆ ಕೂತವಳೇ ಆ ಸಾರ್ಸರರ್ ಎಂದು ಅವನಿಗಿನ್ನೂ ಗೊತ್ತಿರಲಿಲ್ಲ.

"ಯಾಕ್ರಿ, ಏನಾಗ್ಯಾದ ಸಾರ್ಸರರ್‌ಗೆ?" ಶಿವಕಾಂತಾ ಕೇಳಿದಳು.

"ಹುಟ್ಟಿನಿಂದ ಬಂದದ್ದಕ್ಕ ಜವಾಬ್ ಕೇಳೋರ್ಯಾರ್ರಿ? ವಿಝಾರ್ಡ್ ತಪ್ಪು ಮಾಡಿದ್ರ ಪುಸ್ತಕ ತೆಗೆದು, ಇಕಾ ಈ ಪುಟದಾಗ ತಪ್ಪ್ಯಾದ ಅಂತ ತೋರಿಸಬಹುದು. ಸಾರ್ಸರರ್ ತಪ್ಪು ಮಾಡಿದ್ರ ಎಲ್ಲಿ ನೋಡ್ತೀರಿ?"

"ಪುಸ್ತಕ ಸುಟ್ಟ ದಿನ ನಿಮ್ಮ ವಿಝಾರ್ಡ್ ಏನ್ ಮಾಡ್ತಾನ್ರಿ?"

"ಮತ್ತ ಓದ್ತಾನ್ರಿ," ಎಂದ ಅವನು. ಆಮೇಲೆ ದನಿಯಲ್ಲಿ ಕಹಿಯೇ ಇಲ್ಲದೆ ಹೇಳಿದ: "ಹುಟ್ಟಿನಿಂದ್ಲೇ ದೊಡ್ಡೋರು ಅನ್ನೋ ಮಾತು ನಮ್ಮ ಓಣ್ಯಾಗ ಭಾಳ ಕೇಳೀವ್ರಿ. ಆಟದಾಗಾದ್ರೂ ಬ್ಯಾಡ ಅನಸ್ತದ."

ಅವನು ದಲಿತ ಬೌದ್ಧರ ಮನೆಯವನೆಂದು, ಆ ಓಣಿ ಯಾವುದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಿವಕಾಂತಾಳ ಕೈ ತನಗರಿವಿಲ್ಲದೆ ಕೊರಳಿನ ಲಿಂಗದ ದಾರದ ಮೇಲೆ ಹೋಯಿತು. ಅವನು ಅದನ್ನು ನೋಡಿ, ನೋಡದವನಂತೆ ದಾಳಗಳನ್ನು ಸಾಲಾಗಿ ಜೋಡಿಸತೊಡಗಿದ.

ಚಳಿಗಾಲ ಹೀಗೇ ಕಳೆಯಿತು. ಅವಳ ಪಾತ್ರದ ಹೆಸರು ಬಿಜಲಿ, ಮಿಂಚು. ಅವನು ತನ್ನದಕ್ಕೆ ಪೋಥಿ, ಅಂದರೆ ಹೊತ್ತಿಗೆ, ಎಂದು ಹೆಸರಿಟ್ಟ. ಪ್ರತಿ ಭಾನುವಾರ ಇನ್ನೂರು ಪುಟದ ನೋಟ್‌ಬುಕ್ ತರುತ್ತಿದ್ದ. ಅದರಲ್ಲಿ ಪೋಥಿ ಅವತ್ತು ಓದಿಕೊಂಡ ಮಂತ್ರಗಳು ದುಂಡಗಿನ ಅಕ್ಷರದಲ್ಲಿ ಇರುತ್ತಿದ್ದವು. ಇವತ್ತೇನು ಅಭ್ಯಾಸ ಮಾಡಿಕೊಂಡು ಬಂದೀರಿ ಮಾಸ್ತರ್ರೇ ಎಂದು ಅವಳು ಕೆಣಕುವಳು. ಬೆಂಕಿ, ಗಾಳಿ, ಬೀಗ ತೆಗೆಯೋದು ಎಂದು ಅವನು ಗಂಭೀರವಾಗಿ ಒಪ್ಪಿಸುವನು. ತನ್ನ ಬಿಜಲಿಗೆ ಓದುವ ಕಾಟವೇ ಇಲ್ಲ, ಬೆಳಿಗ್ಗೆ ಎದ್ದು ಆಕಳಿಸಿದರೂ ಕಿಡಿ ಹಾರುತ್ತದೆ ಎಂದು ಅವಳು ಬೀಗುವಳು. ಅದಕ್ಕೇ ಅವಳಿಗೆ ಬೀಗ ತೆಗೆಯಲು ಬರುವುದಿಲ್ಲ, ಬಾಗಿಲನ್ನೇ ಸುಡುತ್ತಾಳೆ ಎಂದು ಅವನು. ಯಾರು ಹೆಚ್ಚು ಎಂಬ ಆ ವಾದ ಮುಗಿಯಬಾರದೆಂದು ಇಬ್ಬರೂ ಒಳಗೊಳಗೇ ಬಯಸುತ್ತಿದ್ದರು.

ಆಟದ ಗುಹೆಯೊಂದರಲ್ಲಿ ಒಮ್ಮೆ ಪೋಥಿಯ ಜೀವ ಒಂದೇ ಅಂಕಕ್ಕೆ ಬಂದು ನಿಂತಿತು. ಗಾಯ ಮಾಯಿಸುವವರು ಯಾರೂ ಇಲ್ಲ. ವಿಝಾರ್ಡ್‌ಗೂ ಅದು ಬಾರದು, ಸಾರ್ಸರರ್‌ಗೂ ಬಾರದು. ಶಿವಕಾಂತಾ ಹಾಳೆ ನೋಡಿ, ತಲೆಯೆತ್ತಿ, ಬಿಜಲಿ ತನ್ನನ್ನು ಕಾಣದಂತೆ ಮಾಡಿಕೊಳ್ಳುವ ಮಂತ್ರವನ್ನು ಇಮ್ಮಡಿಸಿ ಪೋಥಿಯ ಮೇಲೂ ಹೊದಿಸುತ್ತಾಳೆ ಎಂದಳು.

ಮಚ್ಛೇಂದ್ರನ ಪೆನ್ಸಿಲ್ ನಿಂತಿತು. "ನನ್ನ ಪುಸ್ತಕದಾಗ ಇದಿಲ್ರಿ."

"ಪುಸ್ತಕದಾಗ ಇರಾಂಗಿಲ್ರಿ."

ಈಗ ರಾಕ್ಷಸನಿಗೂ ನೀವು ಕಾಣುವುದಿಲ್ಲ, ಒಬ್ಬರಿಗೊಬ್ಬರೂ ಕಾಣುವುದಿಲ್ಲ. ಕೈ ಹಿಡಿದುಕೊಳ್ಳದಿದ್ದರೆ ಕತ್ತಲಲ್ಲಿ ಕಳೆದುಹೋಗುತ್ತೀರಿ ಎಂದು ಶರಫೋದ್ದೀನ ಕಥೆ ಮುಂದುವರಿಸಿದ.

"ಹಿಡಕೋತಾಳ," ಎಂದಳು ಶಿವಕಾಂತಾ.

"ಹಿಡಕೋತಾನ," ಎಂದ ಮಚ್ಛೇಂದ್ರ.

ಜಮಖಾನೆಯ ಮೇಲೆ ಅವರಿಬ್ಬರ ಕೈಗಳು ಬೊಟ್ಟಿನಷ್ಟು ದೂರದಲ್ಲಿ ಹಾಗೆಯೇ ಇದ್ದವು. ಗೌಸೋದ್ದೀನ ಕೆಮ್ಮಿ, ಚಹಾ ಆಯಿತೇನೋ ನೋಡಿ ಬರುತ್ತೇನೆ ಎಂದು ಎದ್ದು ಕೆಳಗೆ ಹೋದ.

ಆಮೇಲೆ ಲ್ಯಾಬ್ ಮುಗಿಯುವ ಹೊತ್ತಿಗೆ ಅವನು ಆಗೀಗ ಎದುರಿನ ಚಹಾದಂಗಡಿಯಲ್ಲಿ ಕಾಣಿಸತೊಡಗಿದ. ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದರು. ಸಂಜೆಯ ಹೈದರಾಬಾದ್ ಬಸ್ಸುಗಳು ತುಂಬಿ ಹೋಗುತ್ತಿದ್ದ ದಿನಗಳವು. ಟಾಪಿನ ಮೇಲೆ ಕೊಡ, ಹಾಸಿಗೆ, ಒಲೆಯ ಕಬ್ಬಿಣದ ಕಾಲುಗಳು. ಒಳಗೆ ಇಡೀ ಓಣಿಗಳು. ಔರಾದ ಬಸ್ಸು ಮಾತ್ರ ಖಾಲಿ ಹೋಗುತ್ತಿತ್ತು. ಕಿಟಕಿಯಿಂದ ಅವನು ಕೈಯೆತ್ತಿದರೆ ಅದು ಇಡೀ ಬಸ್ಸಿನಲ್ಲಿ ಎತ್ತಿದ ಒಂದೇ ಕೈ.

ತಾನು ಭಾಲ್ಕಿ ಕಡೆಯವಳು ಎಂದಷ್ಟೇ ಅವಳು ಹೇಳಿದ್ದಳು. ಯಾವ ಊರೆಂದು ಅವನು ಕೇಳಿರಲಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ಭಾನುವಾರ ಅವನು ಉಳಿದವರಿಗಿಂತ ಮೊದಲೇ ಬಂದ. ವಾರವೆಲ್ಲ ಭಾಲ್ಕಿ ತಾಲೂಕಿನಲ್ಲಿ ಅಲೆದು ಮುಖ ಸುಟ್ಟುಹೋಗಿತ್ತು. ಮಾಳಿಗೆಯ ಗೋಡೆಯ ನೆರಳಿನಲ್ಲಿ ನಿಂತ. ಆಮೇಲೆ, ಸಾಯಗಾಂವದಲ್ಲಿ ಜನ ತನಗೆ ಮೊಳೆ ಹೊಡೆಯಲು ಬಿಡಲಿಲ್ಲ ಎಂದ. ಅಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು, ಅದು ಎದ್ದು ನಿಂತ ಕಡೆ ನೀರಿದೆ ಎನ್ನುವ ಒಬ್ಬ ಮುದುಕ ಇದ್ದಾನೆ. ಅದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆಯಂತೆ. ಮೂರು ವರ್ಷದಿಂದ ಆ ಮುದುಕ ಕಾಯಿ ಮುಟ್ಟಿಲ್ಲ, ಆದರೂ ಅವನು ಹೇಳುವವರೆಗೆ ಯಾರೂ ನೆಲ ಮುಟ್ಟುವಂತಿಲ್ಲ ಎಂದರಂತೆ.

ಆ ಮುದುಕ ಶಿವಕಾಂತಾಳ ತಂದೆ ಶಿವರಾಜಪ್ಪ.

"ನಮ್ಮಣ್ಣ ಸತ್ತದ್ದು ಆ ಊರಾಗೇ ರಿ," ಎಂದ ಮಚ್ಛೇಂದ್ರ. "ಗೋರಖನಾಥ ಅಂತ. ಬಾವಿ ತೋಡೋ ಕೆಲಸಾ ಮಾಡ್ತಿದ್ದ. ನನ್ನ ಓದಿಸ್ದಾಂವ ಅಂವನೇ. ಇನ್ನ ಹತ್ತು ಫೂಟಿಗೆ ನೀರು ಅಂತ ಆ ಕಾಯಿ ಮುದುಕ ಹೇಳ್ದ. ಅಣ್ಣ ಇಳಿದ. ಬಾಜೂಕಿನ ಮಣ್ಣು ಕುಸೀತು. ಹೆಣಾ ತೆಗೀಲಿಕ್ಕ ಎರಡು ದಿನಾ ಹಿಡೀತು."

ಎರಡೂ ಕೈಗಳನ್ನು ಗೋಡೆಗೆ ಒತ್ತಿ ನಿಂತಿದ್ದ ಅವನು ಅಳುತ್ತಿರಲಿಲ್ಲ. ಅವಳು ಒಂದು ಮಾತು ಆಡಿದ್ದರೂ ಅವನು ತಿರುಗಿ ಅವಳ ಹೆಗಲಿಗೆ ಹಣೆ ಹಚ್ಚುತ್ತಿದ್ದನೇನೋ. ಆದರೆ ಅವಳು ತಲೆನೋವೆಂದು ಹೇಳಿ ಕೆಳಗಿಳಿದು ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಸಾವಿನ ಸುದ್ದಿ ಅವಳಿಗೆ ಗೊತ್ತಿತ್ತು. 2013ರ ಬೇಸಿಗೆ, ಅವಳು ಪರೀಕ್ಷೆಗೆಂದು ಬೀದರಿನಲ್ಲಿದ್ದಾಗ ಊರ ಬಾವಿಯಲ್ಲಿ ಒಬ್ಬ ಕೂಲಿ ಸತ್ತನೆಂದು ಫೋನಿನಲ್ಲಿ ಕೇಳಿದ್ದಳು. ಸತ್ತವನ ಹೆಸರನ್ನು ಅವಳು ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಅದು ಈಗ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಮುಂದಿನ ರಜೆಗೆ ಸಾಯಗಾಂವಕ್ಕೆ ಹೋದಳು. ಅರ್ಧ ಊರಿಗೆ ಬೀಗ ಬಿದ್ದಿತ್ತು. ತಾಯಿ ತೀರಿಕೊಂಡ ಮೇಲೆ ತಂದೆ ಅವಳ ಸೋದರತ್ತೆ ಗುರಮ್ಮನ ಮನೆಯ ಪಡಸಾಲೆಯಲ್ಲಿರುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಬೇವಿನ ಬುಡದಲ್ಲಿ ಕೂತಿದ್ದ ಅವರ ಎದುರು ಅವಳೂ ಕೂತಳು. ಚಿಕ್ಕಂದಿನಲ್ಲಿ ಇದೇ ಬೇವಿನ ಕೆಳಗೆ ಅವರು ಅವಳ ಅಂಗೈ ಮೇಲೆ ಕಾಯಿ ಇಟ್ಟಿದ್ದರು. ಊರೆಲ್ಲ ಸುತ್ತ ನಿಂತಿತ್ತು. ಕಾಯಿ ಎದ್ದು ನಿಂತಾಗ, ಶಿವರಾಜಪ್ಪನ ವಿದ್ಯೆ ಮಗಳ ರಕ್ತದಲ್ಲೂ ಬಂದಿದೆ ಎಂದು ಜನ ಕೈಮುಗಿದಿದ್ದರು. ಆಗ ಅವಳಿಗೆ ಒಂಬತ್ತು ವರ್ಷ. ಬೆರಳ ತುದಿಯಿಂದ ಕಾಯಿಯನ್ನು ತಾನೇ ಎತ್ತಿದ್ದೆನೆಂದು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಅದನ್ನು ತಂದೆಗೆ ಹೇಳಿ, ಆಮೇಲೆ ಕೇಳಿದಳು: ಗೋರಖನಾಥ ಇಳಿದ ದಿನ ಕಾಯಿ ಎದ್ದಿತ್ತೇ?

ಶಿವರಾಜಪ್ಪ ನೆಲ ನೋಡುತ್ತ ಕೂತರು.

"ಎದ್ದಿರ್ಲಿಲ್ಲವ್ವಾ," ಎಂದರು. "ಊರೆಲ್ಲಾ ನನ್ನ ಮಾರಿ ನೋಡ್ಲತ್ತಿತ್ತು. ಎಬ್ಬಿಸ್ದೆ."

ಉಳಿದದ್ದನ್ನು ತುಂಡು ತುಂಡಾಗಿ ಹೇಳಿದರು. ಮೊದಲ ಎಷ್ಟೋ ವರ್ಷ ನಿಜವಾಗಿಯೂ ಕೈಯಲ್ಲಿ ಏನೋ ಎಳೆದಂತಾಗುತ್ತಿತ್ತು, ನೀರೂ ಬರುತ್ತಿತ್ತು. ಆಮೇಲೆ ಅದು ಯಾವಾಗ ನಿಂತಿತೋ ಅವರಿಗೂ ಗೊತ್ತಾಗಲಿಲ್ಲ. ಅವತ್ತು ಬಾವಿಗೆ ಇಳಿಯುವ ಮುಂಚೆ ಗೋರಖನಾಥ, ಬದಿಯ ಮಣ್ಣು ಸಡಿಲಾಗಿದೆ, ಮೊದಲು ಕಟ್ಟಿಗೆಯ ಆಸರೆ ಕೊಡೋಣವೇ ಅಪ್ಪಾರ ಎಂದು ಕೇಳಿದ್ದ. ಬೇಡ, ಸಂಜೆಯೊಳಗೆ ನೀರು ಬರುತ್ತದೆ ಎಂದು ಅವರೇ ಹೇಳಿದ್ದರು. ಅವನು ನಂಬಿದ.

ಬೀದರಿಗೆ ಮರಳುವ ಬಸ್ಸಿನಲ್ಲಿ ಶಿವಕಾಂತಾ ಒಂದೇ ವಿಷಯ ಯೋಚಿಸಿದಳು. ಹೇಳದೆ ಇದ್ದರೆ ಮಚ್ಛೇಂದ್ರ ಅವಳ ಪಕ್ಕದಲ್ಲಿರುತ್ತಾನೆ. ಹೇಳಿದರೆ ಇರುವುದಿಲ್ಲ. ಹೇಳದೆ ಇರುವುದು ಎಷ್ಟು ಸುಲಭವೆಂದು ಒಂಬತ್ತನೆಯ ವಯಸ್ಸಿನಿಂದ ಅವಳಿಗೆ ಗೊತ್ತಿತ್ತು.

ಭಾನುವಾರ ಅದೇ ಮಾಳಿಗೆಯ ಮೇಲೆ ಎಲ್ಲವನ್ನೂ ಹೇಳಿದಳು. ಕಾಯಿ ಏಳಲಿಲ್ಲವೆಂಬುದನ್ನು, ಆಸರೆಯ ಕಟ್ಟಿಗೆಯ ಮಾತನ್ನು, ತಾನು ಆ ಮನೆಯ ಮಗಳೆಂಬುದನ್ನು. ಅವಳ ಮುಖವನ್ನೇ ನೋಡುತ್ತಿದ್ದ ಮಚ್ಛೇಂದ್ರನ ಕಣ್ಣು ಕೊನೆಕೊನೆಗೆ ಅವಳ ಆಚೆ ಎಲ್ಲೋ ನೆಟ್ಟವು. ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಮೂರು ಭಾನುವಾರ ಅವನು ಬರಲಿಲ್ಲ. ಪೋಥಿಯನ್ನು ಸಾಯಿಸಲೇ ಎಂದು ಶರಫೋದ್ದೀನ ಮೆಲ್ಲಗೆ ಕೇಳಿದ. ಬೇಡ, ಎಲ್ಲೋ ಓದುತ್ತ ಕೂತಿದ್ದಾನೆ ಅಂತಿಟ್ಟುಕೊಳ್ಳಿ ಎಂದಳು. ನಾಲ್ಕನೆಯ ವಾರ ಅವಳೇ ಮೇಲೆ ಹೋಗಲಿಲ್ಲ.

ಏಪ್ರಿಲ್ ಬಂತು. ಗಡಿಯಾಚೆ ಲಾತೂರಿಗೆ ರೈಲಿನಲ್ಲಿ ನೀರು ತರುತ್ತಿದ್ದಾರೆಂದು ಲ್ಯಾಬಿನ ಟಿವಿಯಲ್ಲಿ ತೋರಿಸುತ್ತಿದ್ದರು. ಬೀದರಿನ ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು. ಕೆಟ್ಟ ನೀರು ಕುಡಿದು ಕಾಮಾಲೆ, ಟೈಫಾಯ್ಡ್ ಆದವರು ಲ್ಯಾಬಿನ ಬೆಂಚುಗಳಲ್ಲಿ ಒಬ್ಬರಿಗೊಬ್ಬರು ಒರಗಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ನಲವತ್ತೊಂದು ಎಂದು ಟೋಕನ್ ಕರೆದಾಗ ಎದ್ದು ಬಂದವನು ಮಚ್ಛೇಂದ್ರ.

ತುಟಿ ಒಡೆದು ರಕ್ತ ಕಟ್ಟಿತ್ತು. ಕೂತು ತೋಳು ಚಾಚಿದ. ಅವಳು ಏನೂ ಕೇಳದೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕಿದಳು. ಇಷ್ಟು ತಿಂಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ದಿನಕ್ಕೆ ನೂರು ತೋಳು ಮುಟ್ಟುವ ಬೆರಳುಗಳು ಈ ಒಂದರ ಮೇಲೆ ತಡವರಿಸಿದವು.

"ಜ್ವರ ಅದ ಏನ್ರಿ?"

"ಇಲ್ರಿ. ಟೋಕನ್ ತಗೊಂಡ್ರ ನಿಮ್ಮ ಎದುರು ಕುಂದ್ರಲಿಕ್ಕ ಬಿಡ್ತಾರ ಅಂತ ತಗೊಂಡೀನಿ."

ಅವಳು ಸೂಜಿ ಕೆಳಗಿಟ್ಟಳು.

"ನಿಮ್ಮನ್ನ ಬಿಟ್ಟಿರ್ಲಿಕ್ಕ ನೋಡ್ದೆ ಶಿವಕಾಂತಾ," ಎಂದ. ಆವರೆಗೆ ಅವನು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. "ಆಗಲಿಲ್ಲ. ನೀವು ಹೇಳದಿದ್ರ ನನಗ ಎಂದೂ ತಿಳೀತಿರ್ಲಿಲ್ಲ. ಅದು ಗೊತ್ತಿದ್ದೂ ಹೇಳಿದ್ರಿ. ಸಿಟ್ಟು ಬಂದಾಗೆಲ್ಲಾ ಅದೇ ನೆನಪಾಗ್ತದ."

ಹಿಂದೆ ಕೂತ ಮುದುಕಿಯೊಬ್ಬಳು ತನ್ನ ಪಾಳಿ ಯಾವಾಗ ಎಂದು ಗೊಣಗಿದಳು. ಮಚ್ಛೇಂದ್ರ ಏಳಲಿಲ್ಲ. ತಾಯಿಗೆ ಎಲ್ಲ, ನಿಮ್ಮನ್ನು ಮದುವೆಯಾಗಬೇಕೆಂದಿರುವುದನ್ನೂ, ಹೇಳಿದ್ದೇನೆ ಎಂದ. ಅವಳು ಎರಡು ದಿನ ಉಣ್ಣಲಿಲ್ಲವಂತೆ. ಮೂರನೆಯ ದಿನ, ಆ ಮನುಷ್ಯನ ಬಾಯಿಂದಲೇ ಕೇಳಬೇಕು, ಆಮೇಲೆ ನಿನ್ನ ಮಾತು ಎಂದಳಂತೆ.

ಶಿವರಾಜಪ್ಪ ಬರಲು ಒಪ್ಪುತ್ತಾರೆಂದು ಶಿವಕಾಂತಾಳಿಗೆ ನಂಬಿಕೆಯಿರಲಿಲ್ಲ. ಫೋನಿನಲ್ಲಿ ಕೇಳಿಸಿಕೊಂಡು ಅವರು, ಯಾವ ಬಸ್ಸಿಗೆ ಬರಲಿ ಎಂದಷ್ಟೇ ಕೇಳಿದರು.

ಔರಾದದಿಂದ ಆಚೆ ಐದು ಮೈಲಿಯ ಆ ಹಳ್ಳಿಯ ಬೌದ್ಧರ ಓಣಿಗೆ ಅವರು ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಕರಿನೆಲ ಬಿರಿದು ಅಂಗೈ ಹೋಗುವಷ್ಟು ಸೀಳುಬಿಟ್ಟಿತ್ತು. ಮಚ್ಛೇಂದ್ರನ ತಾಯಿ ಕೇಶರಬಾಯಿ ಹೊಸ್ತಿಲ ಒಳಗೆ ಕೂತಿದ್ದಳು. ಅವಳ ಹಿಂದಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಪಕ್ಕದಲ್ಲಿ ಮಾಲೆ ಹಾಕಿದ ಗೋರಖನಾಥ. ತಮ್ಮನದೇ ಹಣೆ, ತಮ್ಮನದೇ ಮೂಗು. ಶಿವಕಾಂತಾ ಆ ಮುಖವನ್ನು ನೋಡುತ್ತ ನಿಂತುಬಿಟ್ಟಳು.

ಶಿವರಾಜಪ್ಪನಿಗೆ ಕೂರೆಂದು ಯಾರೂ ಹೇಳಲಿಲ್ಲ. ಅವರು ನಿಂತೇ ಎಲ್ಲ ಹೇಳಿದರು. ಯಾವುದನ್ನೂ ಮುಚ್ಚಲಿಲ್ಲ. ಕಟ್ಟಿಗೆಯ ಆಸರೆಯ ಮಾತು ಬಂದಾಗ ಮಾತ್ರ ದನಿ ಹೂತುಹೋಗಿ ಎರಡು ಸಲ ಹೇಳಬೇಕಾಯಿತು.

ಕೇಶರಬಾಯಿಯ ಕಣ್ಣು ಒಣಗಿದ್ದವು. "ಅವತ್ತ ಏನು ಉಂಡಿದ್ದ ಅಂವ?" ಎಂದು ಕೇಳಿದಳು.

"ಜ್ವಾಳದ ರೊಟ್ಟಿ, ಪುಂಡಿ ಪಲ್ಯ. ನಮ್ಮ ಮನೀದೇ."

"ಎಲ್ಲಿ ಕುಂತು ಉಂಡ?"

ಶಿವರಾಜಪ್ಪನಿಗೆ ಇದು ಯಾವುದಕ್ಕಿಂತಲೂ ಕಷ್ಟವಾಯಿತು. "ಹೊರಗ," ಎಂದರು. "ದನದ ಕೊಟ್ಟಿಗಿ ಬಾಜೂಕ. ಒಳಗ ಕರೀಲಿಲ್ಲ ನಾವು."

ಪಕ್ಕದ ಮನೆಯಲ್ಲಿ ಯಾರೋ ಖಾಲಿ ಕೊಡ ಉರುಳಿಸಿದ ಸದ್ದು ಕೇಳಿತು. ಕೇಶರಬಾಯಿ ಸೆರಗು ಸರಿಮಾಡಿಕೊಂಡು ಶಿವಕಾಂತಾಳ ಕಡೆ ತಿರುಗಿ, ಬಿಸಿಲಾಗ ಯಾಕ ನಿಂತೀ, ಒಳಗ ಬಾ ಎಂದಳು. ಆಮೇಲೆ ಮುದುಕನನ್ನು ನೋಡಿದಳು.

"ಹುಡುಗಿ ಖರೇ ಹೇಳ್ಯಾಳ. ಅಕಿ ಈ ಮನೀಗೆ ಬರ್ಲಿ. ನನ್ನ ಮಗನ ಜೀವಾ ಅಕಿ ಮ್ಯಾಲ ಅದ, ಅದಕ್ಕ ನಾ ಅಡ್ಡ ಬರಾಂಗಿಲ್ಲ. ನೀವು ಮಾತ್ರ ಈ ಹೊಸ್ತಿಲಕ್ಕ ಎಂದೂ ಬರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನಗ ಆ ಬಾವಿ ಕಾಣ್ತದ."

ಶಿವಕಾಂತಾಳ ಕಾಲು ಹೊಸ್ತಿಲ ಈಚೆಗೇ ಉಳಿಯಿತು. ಮಚ್ಛೇಂದ್ರ ಅವಳನ್ನು ಕರೆಯಲಿಲ್ಲ, ತಡೆಯಲೂ ಇಲ್ಲ. ಆದರೆ ಅವನ ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ. ಅವಳು ತಂದೆಯ ಕಡೆ ನೋಡಿದಳು. ಅವರು ಕೇಶರಬಾಯಿಗೆ ಕೈಮುಗಿದು, ಹೋಗವ್ವಾ ಎಂಬಂತೆ ಮಗಳಿಗೆ ತಲೆಯಾಡಿಸಿ, ಬಂದ ದಾರಿ ಹಿಡಿದರು. ಅವರನ್ನು ಬಸ್ಸು ಹತ್ತಿಸಿ ಬರಲು ಅವಳು ಓಡಿದಳು. ಬಸ್ಸು ಹೋದ ಮೇಲೆ ಧೂಳು ಇಳಿಯುವವರೆಗೆ ನಿಂತಿದ್ದು, ಅವಳು ಒಬ್ಬಳೇ ಆ ಓಣಿಗೆ ಮರಳಿ, ಹೊಸ್ತಿಲು ದಾಟಿದಳು.

ಜೂನಿನಲ್ಲಿ ಬೀದರಿನಲ್ಲಿ ರಿಜಿಸ್ಟರ್ ಮದುವೆಯಾಯಿತು. ಸಾಕ್ಷಿಗೆ ಶರಫೋದ್ದೀನ, ಗೌಸೋದ್ದೀನ ಮತ್ತು ಹೊಸ ಸೀರೆ ಉಟ್ಟು ಬಂದ ಅನ್ವರಿ ಬೇಗಂ ಸಹಿ ಹಾಕಿದರು. ಸಾಯಗಾಂವದಿಂದ ಯಾರೂ ಬರಲಿಲ್ಲ. ಅವಳ ಜಾತಿಯವರು ಅವಳನ್ನು ಬಿಟ್ಟರು. ಗುರಮ್ಮತ್ತೆ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಶಿವರಾಜಪ್ಪ ಊರವರನ್ನು ಕೂಡಿಸಿ, ಕಾಯಿಯ ವಿಷಯ ಇದ್ದದ್ದು ಇದ್ದಂತೆ ಹೇಳಿದರಂತೆ. ಜನ ನಂಬಲಿಲ್ಲ. ಮುದುಕನ ಶಕ್ತಿ ಹೋಗಿದೆ ಎಂದುಕೊಂಡು ಉದಗೀರ ಕಡೆಯಿಂದ ಬೇರೊಬ್ಬ ಕಾಯಿಯವನನ್ನು ಕರೆತಂದರು.

ಶಿವಕಾಂತಾ ಔರಾದ ಆಚೆಯ ಗಂಡನ ಮನೆಯಿಂದಲೇ ಬೀದರಿನ ಲ್ಯಾಬಿಗೆ ಓಡಾಡತೊಡಗಿದಳು. ಮೇಲಿನ ಕೋಣೆಯ ಭಾನುವಾರಗಳು ಮತ್ತೆ ಶುರುವಾದವು. ಗಂಡ ಹೆಂಡತಿ ಮೊದಲಿನ ಹಾಗೆಯೇ ವಾದಿಸುತ್ತಿದ್ದರು. ಒಂದು ದಿನ ಶಿವಕಾಂತಾ, ತನಗೆ ಬಿಜಲಿ ಸಾಕಾಯಿತು, ಕ್ಲೆರಿಕ್ ಮಾಡಿಕೊಡಿ ಎಂದಳು. ಶರಫೋದ್ದೀನ ಹೊಸ ಹಾಳೆ ತೆಗೆದ.

ತಿಂಗಳಿಗೊಮ್ಮೆ, ಎರಡನೆಯ ಶನಿವಾರ, ಅವಳು ಭಾಲ್ಕಿಗೆ ಹೋಗುತ್ತಿದ್ದಳು. ಬಸ್ ಸ್ಟ್ಯಾಂಡಿನ ಸಿಮೆಂಟಿನ ಬೆಂಚಿನ ಮೇಲೆ ತಂದೆ ಕಾಯುತ್ತಿದ್ದರು. ಒಂದು ತಾಸು ಕೂತು, ಮಳೆ ಬಂತೋ ಇಲ್ಲವೋ ಎಂದು ಮಾತಾಡಿ, ಅವರವರ ಬಸ್ಸು ಹತ್ತುತ್ತಿದ್ದರು. ಕೇಶರಬಾಯಿಗೆ ಇದು ಗೊತ್ತಿತ್ತು. ಅವಳು ಏನೂ ಅನ್ನಲಿಲ್ಲ.

ಸೆಪ್ಟೆಂಬರಿನ ಶನಿವಾರ ಅವಳು ಹೊರಟಾಗ, ತಾನೂ ಬರುತ್ತೇನೆ ಎಂದ ಮಚ್ಛೇಂದ್ರ. ಭಾಲ್ಕಿಯಲ್ಲಿ ಮೋಡ ಕವಿದಿತ್ತು. ಅಳಿಯನನ್ನು ಕಂಡು ಶಿವರಾಜಪ್ಪ ಗಾಬರಿಯಿಂದ ಎದ್ದು ನಿಂತರು. ಕೂಡ್ರಿ ಎಂದ ಅವನು. ಮೂವರೂ ಕೂತರು, ನಡುವೆ ಶಿವಕಾಂತಾ. ಬಸ್ಸುಗಳು ಬಂದವು, ಹೋದವು. ಕೊನೆಗೆ ಮಚ್ಛೇಂದ್ರ ಎದ್ದು ಹೋಗಿ ಮೂರು ಗ್ಲಾಸು ಚಹಾ ತಂದ. ಒಂದನ್ನು ಬೆಂಚಿನ ಮೇಲಿಡದೆ ಮುದುಕನ ಕೈಗೇ ಕೊಟ್ಟ. ಶಿವರಾಜಪ್ಪ ಎರಡೂ ಕೈಯಲ್ಲಿ ಅದನ್ನು ಹಿಡಿದು ಬಹಳ ಹೊತ್ತು ಕುಡಿಯದೆ ಕೂತರು.

"ಆ ನಿಮ್ಮ ಪೆಟ್ಟಿಗಿ," ಎಂದರು ಆಮೇಲೆ, ಅವನ ಮುಖ ನೋಡದೆ, "ಅದು ಎಂದೂ ಸುಳ್ಳು ಹೇಳಾಂಗಿಲ್ಲೇನ್ರಿ?"

ಮಚ್ಛೇಂದ್ರ ಯೋಚಿಸಿದ. "ತಪ್ಪು ಹೇಳ್ತದ್ರಿ. ಭಾಳ ಸಲ ಹೇಳ್ತದ. ಸುಳ್ಳು ಹೇಳಾಂಗಿಲ್ಲ."

ಮುದುಕ ತಲೆದೂಗಿ ಚಹಾದ ಗ್ಲಾಸನ್ನು ತುಟಿಗೆ ತಂದರು. ಶಿವಕಾಂತಾ ಎಡಗೈಯಿಂದ ತಂದೆಯ ಅಂಗಿಯ ತೋಳನ್ನು, ಬಲಗೈಯಿಂದ ಗಂಡನ ಬೆರಳುಗಳನ್ನು ಹಿಡಿದು, ಔರಾದ ಬಸ್ಸು ಇನ್ನಷ್ಟು ತಡವಾಗಲಿ ಎಂದುಕೊಳ್ಳುತ್ತ ಕೂತಳು.